ಮನೆ ಬಾಗಿಲಿಗೆ ಬಂದ ಮತಪತ್ರ, ಬೆರಳಿಗೆ ಸಿಗದ ಹೆಸರು

ಮತಯಂತ್ರದ ನೀಲಿ ಗುಂಡಿಯನ್ನು ಎಲ್ಲರೂ ಒತ್ತಿರುತ್ತಾರೆ. ಆ ಗುಂಡಿಯ ಪಕ್ಕದಲ್ಲೇ ಪ್ಲಾಸ್ಟಿಕ್ಕಿನ ಮೇಲೆ ಸಣ್ಣಗೆ ಉಬ್ಬಿಕೊಂಡಿರುವ ಚುಕ್ಕಿಗಳನ್ನು ಗಮನಿಸಿದವರು ಕಡಿಮೆ. ಅವು 1ರಿಂದ 16ರವರೆಗಿನ ಬ್ರೈಲ್ ಅಂಕಿಗಳು. 2004ರಲ್ಲಿ ಹೈದರಾಬಾದಿನ ಆಸಿಫ್‌ನಗರ ವಿಧಾನಸಭಾ ಉಪಚುನಾವಣೆಯಲ್ಲಿ ಪ್ರಯೋಗಕ್ಕೆಂದು ಶುರುವಾದ ಈ ಏರ್ಪಾಡು 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದುದ್ದಕ್ಕೂ ಬಂತು. ಇದರ ಜೊತೆಗೆ ಮತಗಟ್ಟೆಯ ಅಧಿಕಾರಿಯ ಹತ್ತಿರ ಬ್ರೈಲ್‌ನಲ್ಲಿ ಅಚ್ಚಾದ ಡಮ್ಮಿ ಮತಪತ್ರವೂ ಇರಬೇಕು. ಕಣ್ಣು ಕಾಣದವರು ಅದರ ಮೇಲೆ ಬೆರಳಾಡಿಸಿ, ತಮಗೆ ಬೇಕಾದವರ ಕ್ರಮಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮರೆಯೊಳಕ್ಕೆ ಹೋಗುತ್ತಾರೆ. ಯಂತ್ರದ ಮೇಲೆ ಅದೇ ಸಂಖ್ಯೆ ಹುಡುಕಿ ಗುಂಡಿ ಒತ್ತುತ್ತಾರೆ, ಬೀಪ್ ಸದ್ದು ಕೇಳಿಸಿಕೊಂಡು ಹೊರಗೆ ಬರುತ್ತಾರೆ. ಓಟು ಯಾರಿಗೆ ಬಿತ್ತೆಂಬುದು ಹೆಂಡತಿಗೂ ತಿಳಿಯುವುದಿಲ್ಲ, ಮಗನಿಗೂ ತಿಳಿಯುವುದಿಲ್ಲ.

ಈಗ ಇದೇ ಮತದಾರರ ಮನೆ ಬಾಗಿಲಿಗೆ ಚುನಾವಣಾ ಆಯೋಗ ಮತಪತ್ರ ಕಳಿಸುತ್ತಿದೆ. ಹೊಸೂರು, ತಳಿ, ವೇಪನಪಲ್ಲಿ, ಕೃಷ್ಣಗಿರಿ, ಬರಗೂರು, ಊತಂಗರೆ ಎಂಬ ಆರು ವಿಧಾನಸಭಾ ಕ್ಷೇತ್ರಗಳಿರುವ ಕೃಷ್ಣಗಿರಿ ಜಿಲ್ಲೆಯೂ ಸೇರಿದಂತೆ ತಮಿಳುನಾಡಿನಲ್ಲಿ 2021ರ ವಿಧಾನಸಭಾ ಚುನಾವಣೆಯಿಂದ ಈ ಸೌಲಭ್ಯವಿದೆ. ಆದರೆ ಮನೆಗೆ ಬರುವ ಮತಪತ್ರ ಬರೀ ಅಚ್ಚಿನ ಕಾಗದ. ಅದರಲ್ಲಿ ಉಬ್ಬುಚುಕ್ಕಿ ಇಲ್ಲ, ಗುಂಡಿ ಇಲ್ಲ, ಸದ್ದೂ ಇಲ್ಲ. ಮತಗಟ್ಟೆಯಲ್ಲಿ ಒಬ್ಬರೇ ಓಟು ಹಾಕಬಲ್ಲವರು ತಮ್ಮದೇ ಮನೆಯ ಪಡಸಾಲೆಯಲ್ಲಿ ಇನ್ನೊಬ್ಬರ ಕೈಗೆ ಪೆನ್ನು ಕೊಡಬೇಕು.

ಈ ವಿಚಿತ್ರ ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಅಂಚೆ ಮತ ಎಂಬುದು ಬಹುಕಾಲ ಸೈನಿಕರಿಗೆ, ಚುನಾವಣಾ ಕೆಲಸಕ್ಕೆ ಹೋದ ನೌಕರರಿಗೆ, ಮುಂಜಾಗ್ರತಾ ಬಂಧನದಲ್ಲಿ ಇರುವವರಿಗೆ ಮೀಸಲಾಗಿದ್ದ ಸಂಗತಿ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 1961ರ ಚುನಾವಣಾ ನಡಾವಳಿ ನಿಯಮಗಳಿಗೆ ತಿದ್ದುಪಡಿ ತಂದು ‘ಗೈರುಹಾಜರಿ ಮತದಾರ’ ಎಂಬ ಹೊಸ ವರ್ಗವನ್ನು ಸೇರಿಸಿತು. 80 ದಾಟಿದ ವೃದ್ಧರು, ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತಾದವರು ಇದರೊಳಗೆ ಬಂದರು. ಅದೇ ವರ್ಷ ಜಾರ್ಖಂಡ್‌ನ ಏಳು ಕ್ಷೇತ್ರಗಳಲ್ಲಿ ಮೊದಲ ಪ್ರಯೋಗ ನಡೆಯಿತು, 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಮುಂದುವರಿಯಿತು. ತಮಿಳುನಾಡಿಗೆ ಬಂದಾಗ ಡಿಎಂಕೆ ಇದನ್ನು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2021ರ ಮಾರ್ಚ್‌ನಲ್ಲಿ, ಮತದಾನಕ್ಕೆ ಕೆಲವೇ ವಾರಗಳಿರುವಾಗ, ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಕರ್ನಾಟಕದವರು ಮನೆಯಿಂದ ಓಟು ಹಾಕಿದ್ದು 2023ರ ವಿಧಾನಸಭಾ ಚುನಾವಣೆಯಲ್ಲಿ, ಏಪ್ರಿಲ್ 29ರಿಂದ ಮೇ 6ರ ನಡುವೆ. 2024ರ ಲೋಕಸಭಾ ಚುನಾವಣೆಗೆ ಇದು ಇಡೀ ದೇಶಕ್ಕೆ ಹಬ್ಬಿತು. ಅಷ್ಟರಲ್ಲಿ ವಯಸ್ಸಿನ ಮಿತಿ 80ರಿಂದ 85ಕ್ಕೆ ಏರಿತ್ತು. ಅಂಗವಿಕಲರಿಗೆ ಶೇ 40ರ ಪ್ರಮಾಣಪತ್ರವೇ ಅಳತೆಗೋಲು.

ಈ ಯೋಜನೆಯಿಂದ ಉಪಕಾರವಾಗಿಲ್ಲ ಎಂದರೆ ತಪ್ಪಾಗುತ್ತದೆ. ಹೊಸೂರಿನ ಸಿಪ್‌ಕಾಟ್ ಸುತ್ತಮುತ್ತ ಇರುವವರಿಗೆ ಮತಗಟ್ಟೆ ಎಂದರೆ ಮುಂದಿನ ಬೀದಿಯ ಶಾಲೆ. ಅಂಚೆಟ್ಟಿ, ಉರಿಗಂ, ಬೆಟ್ಟಮುಗಿಲಾಳದ ಕಡೆ ಲೆಕ್ಕವೇ ಬೇರೆ. ಮತದಾರರು ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಿರಬಾರದು ಎಂಬುದು ಆಯೋಗದ ಮಾನದಂಡ. ಆದರೆ ಕಾಡಂಚಿನ ಏರಿಳಿತದ ದಾರಿಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಆನೆ ಓಡಾಡುವ ಸೀಮೆಯಲ್ಲಿ ಆ ಎರಡು ಕಿಲೋಮೀಟರ್ ಕೋಲು ಹಿಡಿದು ನಡೆಯುವವರಿಗೆ ಸಣ್ಣ ದೂರವಲ್ಲ. ಹಾಸಿಗೆ ಹಿಡಿದವರಿಗೆ, ಗಾಲಿಕುರ್ಚಿಯಲ್ಲಿ ಇರುವವರಿಗೆ, ತೊಂಬತ್ತರ ಅಜ್ಜಿಗೆ ಮನೆಗೆ ಬರುವ ತಂಡ ದೊಡ್ಡ ನೆರವು. ಯೋಜನೆ ರೂಪಿಸಿದವರು ಕಾಲನ್ನು ನೆನೆದು ರೂಪಿಸಿದರು, ಕಣ್ಣನ್ನು ಮರೆತರು. ‘ಅಂಗವಿಕಲರು’ ಎಂಬ ಒಂದೇ ಕಾಲಂನಲ್ಲಿ ಎಲ್ಲರನ್ನೂ ತುಂಬಿದಾಗ ಹೀಗಾಗುವುದು ಹೊಸದೇನಲ್ಲ.

ಮೊದಲ ತೊಡಕು ಕ್ಯಾಲೆಂಡರಿನದು. ಮನೆಯಿಂದ ಓಟು ಹಾಕಬೇಕೆನ್ನುವವರು ನಮೂನೆ 12ಡಿ ತುಂಬಿ ಚುನಾವಣಾಧಿಕಾರಿಗೆ ತಲುಪಿಸಬೇಕು. ಅಧಿಸೂಚನೆ ಹೊರಟ ದಿನದ ನಂತರದ ಐದು ದಿನಗಳೊಳಗೆ ಇದು ಮುಗಿಯಬೇಕು. 2024ರಲ್ಲಿ ತಮಿಳುನಾಡಿಗೆ ಅಧಿಸೂಚನೆ ಬಂದದ್ದು ಮಾರ್ಚ್ 20ಕ್ಕೆ. ಅಂದರೆ ಗಡುವು ಮಾರ್ಚ್ 25. ನಾಮಪತ್ರ ಸಲ್ಲಿಸಲು ಕೊನೆಯ ದಿನ ಮಾರ್ಚ್ 27, ಹಿಂತೆಗೆದುಕೊಳ್ಳಲು ಮಾರ್ಚ್ 30, ಮತದಾನ ಏಪ್ರಿಲ್ 19. ಕೃಷ್ಣಗಿರಿ ಕ್ಷೇತ್ರದಲ್ಲಿ ಕಣದಲ್ಲಿ ಯಾರ‍್ಯಾರು ಉಳಿಯುತ್ತಾರೆಂದು ಅಭ್ಯರ್ಥಿಗಳಿಗೇ ಖಚಿತವಾಗುವ ಐದು ದಿನ ಮೊದಲೇ ಅಂಧ ಮತದಾರ ತಾನು ಹೇಗೆ ಓಟು ಹಾಕುತ್ತೇನೆಂದು ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಅಂಚೆ ಮತಪತ್ರ ಮಂಜೂರಾದವರ ಹೆಸರಿನ ಮುಂದೆ ಮತದಾರರ ಪಟ್ಟಿಯಲ್ಲಿ ‘ಪಿಬಿ’ ಎಂದು ಗುರುತು ಬೀಳುತ್ತದೆ. ಆಮೇಲೆ ಮತಗಟ್ಟೆಗೆ ಹೋದರೆ ವಾಪಸ್ ಕಳಿಸುತ್ತಾರೆ. ಮತದಾನದ ತಂಡ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಆ ಚುನಾವಣೆಯ ಮಟ್ಟಿಗೆ ಓಟು ಹೋಯಿತು, ಮನೆಯಲ್ಲೂ ಇಲ್ಲ, ಬೂತಿನಲ್ಲೂ ಇಲ್ಲ.

ಮತಗಟ್ಟೆ ಮಟ್ಟದ ಅಧಿಕಾರಿ, ಜನ ಕರೆಯುವಂತೆ ಬಿಎಲ್‌ಒ, ಮನೆಗೆ ಬಂದು ನಮೂನೆ ಕೊಟ್ಟು ತುಂಬಿಸಿಕೊಂಡು ಹೋಗಬೇಕೆಂಬ ಸೂಚನೆ ಇದೆ. ಒಳ್ಳೆಯ ಸೂಚನೆಯೇ. ಆದರೆ ಬಿಎಲ್‌ಒ ಕೈಯಲ್ಲಿ ಇರುವುದು ಅಂಗವಿಕಲರೆಂದು ಗುರುತಾದವರ ಪಟ್ಟಿ. ಆ ಪಟ್ಟಿಯಲ್ಲಿ ಹೆಸರಿಲ್ಲದವರ ಮನೆಗೆ ಬರಲು ಕಾರಣವೇ ಇಲ್ಲ. ಗುರುತು ಹಾಕಿಸಿಕೊಳ್ಳಲು ನಮೂನೆ 8 ಬೇಕು, ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಸರ್ಕಾರಿ ಆಸ್ಪತ್ರೆಯ ವೈದ್ಯರ ತಪಾಸಣೆ ಬೇಕು. ಇವೆಲ್ಲ ಅಧಿಸೂಚನೆ ಹೊರಟ ಮೇಲೆ ಐದು ದಿನದಲ್ಲಿ ಮುಗಿಯುವ ಓಡಾಟವಲ್ಲ.

ಇಲ್ಲೇ ಇನ್ನೊಂದು ವರ್ಗ ಜಾರಿಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕನ್ನಡಕ ಹಾಕಿಕೊಂಡ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅದಕ್ಕಿಂತ ತುಸು ಮೇಲಿದ್ದರೆ ಮಂದದೃಷ್ಟಿ. ಪೊರೆ ಬಂದು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರ ಹಾಳಾಗಿ, ಎದುರಿಗೆ ಬಂದವರ ದನಿ ಕೇಳಿ ಗುರುತು ಹಿಡಿಯುವ ಎಪ್ಪತ್ತೈದರ ರೈತರೊಬ್ಬರು ಕೆಲಮಂಗಲದಲ್ಲೋ ಶೂಲಗಿರಿಯಲ್ಲೋ ಇದ್ದಾರೆ ಅಂದುಕೊಳ್ಳಿ. ‘ವಯಸ್ಸಾಯಿತು, ಕಣ್ಣು ಮಂಜಾಯಿತು’ ಎಂದು ಮನೆಯವರು ಸುಮ್ಮನಿರುತ್ತಾರೆ, ಪ್ರಮಾಣಪತ್ರ ಮಾಡಿಸುವುದಿಲ್ಲ. ಇವರಿಗೆ 85 ಆಗಿಲ್ಲ, ಪಟ್ಟಿಯಲ್ಲಿ ಅಂಗವಿಕಲರೂ ಅಲ್ಲ. ಮನೆಗೆ ಮತಪತ್ರ ಬರುವುದಿಲ್ಲ. 2011ರ ಜನಗಣತಿ ದೃಷ್ಟಿದೋಷ ಇರುವವರನ್ನು ದೇಶದಲ್ಲಿ ಸುಮಾರು 50 ಲಕ್ಷ ಎಂದು ಎಣಿಸಿತ್ತು. ಇಂಥ ಎಷ್ಟೋ ಮಂದಿ ಆ ಲೆಕ್ಕದ ಹೊರಗೂ ಉಳಿದಿರುತ್ತಾರೆ.

ಎಲ್ಲ ಸರಿಹೋಗಿ, ತಂಡ ಮನೆಗೆ ಬಂತು ಎನ್ನೋಣ. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೊದವನು. ಪಕ್ಷಗಳಿಗೆ ಮೊದಲೇ ತಿಳಿಸಿರುವುದರಿಂದ ಅವರ ಏಜೆಂಟರೂ ಬರಬಹುದು. ಇಷ್ಟು ಜನ ಬಂದರೆ ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬರದಿರುತ್ತಾರೆಯೇ? ರಟ್ಟಿನ ಮರೆ ಇಟ್ಟು ಅದರ ಹಿಂದೆ ಮತಪತ್ರ ಇಡುತ್ತಾರೆ. ಕಣ್ಣಿದ್ದವರಿಗೆ ಆ ರಟ್ಟು ಸಾಕು. ಕಣ್ಣಿಲ್ಲದವರಿಗೆ ಮರೆಯ ಹಿಂದೆ ಇರುವುದು ಒಂದು ಹಾಳೆ ಮಾತ್ರ, ಯಾವ ಹೆಸರು ಎಲ್ಲಿದೆ, ಗುರುತು ಹಾಕುವ ಕಾಲಂ ಎಲ್ಲಿದೆ, ಹಾಳೆ ತಲೆಕೆಳಗಾಗಿದೆಯೇ ಎಂಬುದನ್ನು ಹೇಳಲು ಇನ್ನೊಬ್ಬರು ಬೇಕು. ಸೈನಿಕರಂಥ ಹಳೆಯ ಅಂಚೆ ಮತದಾರರ ವಿಚಾರದಲ್ಲಿ 1961ರ ನಿಯಮಗಳ 25ನೇ ನಿಯಮ ಇದಕ್ಕೆ ಕಂಡುಕೊಂಡ ಪರಿಹಾರ ನೇರವಾದದ್ದು. ಅಂಧರೋ ಅಕ್ಷರ ಬಾರದವರೋ ಆದರೆ ಸಹಿ ದೃಢೀಕರಿಸುವ ಅಧಿಕಾರಿಯ ಬಳಿಗೆ ಹೋಗಿ, ಅವನೇ ಓಟು ಗುರುತು ಮಾಡಿ ಅವನೇ ಸಹಿ ಹಾಕಲಿ. ಮನೆಯಿಂದ ಮತದಾನದಲ್ಲಿ ಇಷ್ಟು ಕಠಿಣವಿಲ್ಲ, ತಮಗೆ ಬೇಕಾದ ವಯಸ್ಕರೊಬ್ಬರ ನೆರವು ಪಡೆಯಬಹುದು. ಆ ವಯಸ್ಕರು ಹೆಚ್ಚಿನ ಮನೆಗಳಲ್ಲಿ ಯಾರು? ಮಗ, ಸೊಸೆ, ಅಣ್ಣನ ಮಗ. ಅವರ ಪಕ್ಷ ಯಾವುದೆಂದು ಊರಿಗೇ ಗೊತ್ತು. ಅವರ ಎದುರು ಇನ್ನೊಂದು ಪಕ್ಷದ ಹೆಸರು ಹೇಳಿ, ರಾತ್ರಿ ಅವರೇ ಬಡಿಸುವ ಊಟಕ್ಕೆ ಕೂರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಹೇಳಿದರೂ, ಹೇಳಿದಲ್ಲೇ ಗುರುತು ಬಿತ್ತೆಂದು ತಿಳಿಯುವ ದಾರಿಯೂ ಇಲ್ಲ.

ಗುರುತು ಹಾಕಿದ ಮತಪತ್ರ ಚಿಕ್ಕ ಲಕೋಟೆಗೆ ಹೋಗಬೇಕು. ಲಕೋಟೆಯ ಮೇಲಿನ ಸಂಖ್ಯೆಯೂ ಘೋಷಣಾ ಪತ್ರದಲ್ಲಿರುವ ಮತಪತ್ರದ ಸಂಖ್ಯೆಯೂ ಒಂದೇ ಆಗಿರಬೇಕು. ಘೋಷಣೆಗೆ ಸಹಿಯೋ ಹೆಬ್ಬೆಟ್ಟೋ ಬಿದ್ದು, ಅದಕ್ಕೆ ದೃಢೀಕರಣ ಆಗಬೇಕು. ಇವೆಲ್ಲ ದೊಡ್ಡ ಲಕೋಟೆಯೊಳಗೆ ಸೇರಬೇಕು. ಹೆಸರಿಗೆ ಅಂಚೆ ಮತವಾದರೂ ಇಲ್ಲಿ ಅಂಚೆಯವನಿಗೆ ಕೆಲಸವಿಲ್ಲ, ತಂಡವೇ ಒಯ್ಯುತ್ತದೆ. ಈ ಸರಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಎಣಿಕೆಯ ದಿನ ಮತ ತಿರಸ್ಕೃತ. ತಪ್ಪು ಮಾಡಿದವರು ಯಾರೇ ಇರಲಿ, ಕಳೆದುಕೊಳ್ಳುವುದು ಮತದಾರರೇ.

ಅಂಚೆ ಮತ ತಿರಸ್ಕೃತವಾದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2016ರಲ್ಲಿ ತಿರುನೆಲ್ವೇಲಿಯ ರಾಧಾಪುರಂ ಕ್ಷೇತ್ರದಲ್ಲಿ ಎಐಎಡಿಎಂಕೆಯ ಇನ್ಬದುರೈ ಡಿಎಂಕೆಯ ಅಪ್ಪಾವು ಅವರನ್ನು ಸೋಲಿಸಿದ್ದು 49 ಮತಗಳಿಂದ. ಅಲ್ಲಿ 203 ಅಂಚೆ ಮತಗಳು ತಿರಸ್ಕೃತವಾಗಿದ್ದವು. ಅವನ್ನು ದೃಢೀಕರಿಸಿದ್ದು ಶಾಲೆಯ ಮುಖ್ಯೋಪಾಧ್ಯಾಯರು, ಅವರು ಗೆಜೆಟೆಡ್ ಅಧಿಕಾರಿಯೋ ಅಲ್ಲವೋ ಎಂಬುದೇ ಜಗಳ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಮರುಎಣಿಕೆಗೆ ಆದೇಶಿಸಿತು, ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೊಸೂರಿನಿಂದ ಬಸ್ ಹತ್ತಿದರೆ ಗಂಟೆ ಒಂದೂವರೆಯಲ್ಲಿ ಸಿಗುವ ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ತಿರಸ್ಕೃತ ಅಂಚೆ ಮತಗಳ ವಿಚಾರಕ್ಕೇ ಮಧ್ಯರಾತ್ರಿಯವರೆಗೆ ಗದ್ದಲವಾಗಿ, ಕೊನೆಗೆ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಕೃಷ್ಣಗಿರಿ ವಿಧಾನಸಭಾ ಕ್ಷೇತ್ರದಲ್ಲೇ 2021ರ ಅಂತರ 794. ಈ ಮೂರೂ ಕಡೆ ಪ್ರಶ್ನೆ ಅಂಧರದ್ದಾಗಿರಲಿಲ್ಲ, ನಿಜ. ಆದರೆ ಓದು ಬಲ್ಲ, ಕಣ್ಣು ಕಾಣುವ ಸರ್ಕಾರಿ ನೌಕರರ ಲಕೋಟೆಗಳೇ ಹೀಗೆ ಬಿದ್ದುಹೋಗುವುದಾದರೆ, ಲಕೋಟೆಯನ್ನು ತಾವೇ ಪರೀಕ್ಷಿಸಲಾಗದವರ ಗತಿಯೇನು?

ಹಾಗೆಂದು ಮತಗಟ್ಟೆಯೇನೂ ಸ್ವರ್ಗವಲ್ಲ. ನಿಯಮ 49ಎನ್ ಪ್ರಕಾರ ಅಂಧರು 18 ತುಂಬಿದ ಸಹಾಯಕರೊಬ್ಬರನ್ನು ಒಳಗೆ ಕರೆದೊಯ್ಯಬಹುದು. ಆ ಸಹಾಯಕರು ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು, ಒಂದು ದಿನದಲ್ಲಿ ಒಬ್ಬರಿಗೆ ಮಾತ್ರ ನೆರವಾಗಬೇಕು. ಒಬ್ಬನೇ ಏಜೆಂಟ್ ಊರಿನ ಕುರುಡರನ್ನೆಲ್ಲ ಸಾಲಾಗಿ ಕರೆತಂದು ಓಟು ಒತ್ತದಿರಲಿ ಎಂಬುದು ಉದ್ದೇಶ. ಆದರೆ ಗಂಡ ಹೆಂಡತಿ ಇಬ್ಬರಿಗೂ ಕಣ್ಣಿಲ್ಲದೆ, ಕಣ್ಣಿರುವ ಮಗ ಒಬ್ಬನೇ ಇದ್ದರೆ? ಅಪ್ಪನ ಜೊತೆ ಹೋದವನು ಅಮ್ಮನ ಜೊತೆ ಹೋಗುವಂತಿಲ್ಲ. ಅಮ್ಮನಿಗೆ ಪಕ್ಕದ ಮನೆಯವರನ್ನು ಹುಡುಕಬೇಕು. ಇನ್ನು ಬ್ರೈಲ್ ಬಲ್ಲವರು ಒಬ್ಬರೇ ಹೋಗುತ್ತೇನೆಂದರೆ ‘ಯಾರನ್ನಾದರೂ ಕರೆದುಕೊಂಡು ಬನ್ನಿ, ಬೇಗ ಆಗುತ್ತೆ’ ಎನ್ನುವ ಸಿಬ್ಬಂದಿಗೇನೂ ಬರವಿಲ್ಲ. ಸಹಾಯಕರನ್ನು ಕರೆದೊಯ್ಯುವುದು ಮತದಾರರ ಹಕ್ಕು, ಅಧಿಕಾರಿಯ ಅನುಕೂಲಕ್ಕೆ ಮಾಡಿದ ಕಡ್ಡಾಯವಲ್ಲ. ವಿವಿಪ್ಯಾಟ್ ಬಂದ ಮೇಲೆ ಇನ್ನೊಂದು ಅಂತರ ಹುಟ್ಟಿತು. ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯಿಂದ ಎಲ್ಲರೂ ತಮ್ಮ ಓಟನ್ನು ಖಾತ್ರಿ ಮಾಡಿಕೊಳ್ಳುತ್ತಾರೆ. ಆ ಖಾತ್ರಿ ಅಂಧರಿಗೆ ಇಲ್ಲ. ಹೆಸರು ಓದಿ ಹೇಳುವ ದನಿಯೊಂದನ್ನು ಇಯರ್‌ಫೋನಿಗೆ ಕೊಡುವುದು ಇಂದಿನ ಕಾಲಕ್ಕೆ ಕಷ್ಟದ ತಂತ್ರಜ್ಞಾನವಲ್ಲ.

ಆದರೂ ಬೂತಿನಲ್ಲಿ ಬೆರಳಿಗೆ ಸಿಗುವ ಅಂಕಿ ಇದೆ. ಆ ಅಂಕಿಯ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೆನೆಯಬೇಕು. 1996ರಲ್ಲಿ ಈರೋಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ಕಣದಲ್ಲಿದ್ದರು, ಮತಪತ್ರ ಪುಸ್ತಕದ ರೂಪದಲ್ಲಿ ಅಚ್ಚಾಯಿತು. ಅದೇ ವರ್ಷ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ. ಅಂಥ ಮತಪತ್ರದಲ್ಲಿ ಕಣ್ಣಿದ್ದವರೇ ಹೆಸರು ಹುಡುಕಲು ಬೆವರಿದರು.

ಹೊಸೂರು ಸೀಮೆಗೆ ಬಂದರೆ ಭಾಷೆಯ ಪ್ರಶ್ನೆಯೂ ಇದೆ, ಆದರೆ ಅದು ಅಂಧರ ವಿಚಾರದಲ್ಲಿ ಊಹೆಗೆ ವಿರುದ್ಧವಾಗಿ ನಡೆಯುತ್ತದೆ. ಬಾಗಲೂರು, ತಳಿ, ಡೆಂಕಣಿಕೋಟೆಯ ಕಡೆಯ ಅನೇಕ ಕನ್ನಡ, ತೆಲುಗು ಮನೆಗಳ ಹಿರಿಯರಿಗೆ ತಮಿಳು ಮಾತು ಬರುತ್ತದೆ, ತಮಿಳು ಅಕ್ಷರ ಬರುವುದಿಲ್ಲ. ಬ್ರೈಲ್ ಕಲಿತವರಿಗೆ ಈ ಗೋಡೆ ಅಷ್ಟಾಗಿ ಇಲ್ಲ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕ, ತಮಿಳಿನ ಕ, ತೆಲುಗಿನ ಕ ಮೂರಕ್ಕೂ ಒಂದೇ ಚುಕ್ಕಿ. ತಮಿಳಿಗೇ ವಿಶೇಷವಾದ ಕೆಲವು ಅಕ್ಷರಗಳನ್ನು ಬಿಟ್ಟರೆ, ಬೆಂಗಳೂರಿನ ಅಂಧರ ಶಾಲೆಯಲ್ಲಿ ಕನ್ನಡ ಬ್ರೈಲ್ ಕಲಿತ ತಳಿಯ ಹುಡುಗಿ ಕೃಷ್ಣಗಿರಿಯ ತಮಿಳು ಡಮ್ಮಿ ಮತಪತ್ರದ ಹೆಸರುಗಳನ್ನು ಬೆರಳಲ್ಲಿ ಓದಬಲ್ಲಳು. ಅವಳ ಕಣ್ಣಿರುವ ಅಜ್ಜ ಅದೇ ಹೆಸರುಗಳನ್ನು ಅಚ್ಚಿನಲ್ಲಿ ಓದಲಾರ, ಚಿಹ್ನೆ ನೋಡಿ ಒತ್ತುತ್ತಾನೆ. ಗಡಿನಾಡಿನ ಚುನಾವಣೆಯಲ್ಲಿ ಇಷ್ಟು ಸಲೀಸಾಗಿ ಕೆಲಸಕ್ಕೆ ಬರುವ ಲಿಪಿಯನ್ನು ಮನೆಗೆ ಹೋಗುವ ತಂಡದ ಚೀಲದಲ್ಲಿ ಇಡದಿರುವುದು ಶುದ್ಧ ಅಸಡ್ಡೆ. ಬ್ರೈಲ್ ಬಾರದವರು, ಅದರಲ್ಲೂ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ಬಹಳ ಮಂದಿ ಇದ್ದಾರೆ ಎಂಬುದು ನಿಜವೇ. ಅವರಿಗೆ ಬೇಕಾದದ್ದು ದನಿಯಲ್ಲಿರುವ ಪಟ್ಟಿ.

ಬೆಂಗಳೂರಿನಲ್ಲಿ ಕಲಿತ ಆ ತಳಿಯ ಹುಡುಗಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಓದಿಗೆ, ದುಡಿಮೆಗೆ ಗಡಿ ದಾಟಿ ಬೆಂಗಳೂರಿನಲ್ಲಿ ಉಳಿದ, ಓಟು ಮಾತ್ರ ಕೃಷ್ಣಗಿರಿ ಜಿಲ್ಲೆಯಲ್ಲೇ ಇಟ್ಟುಕೊಂಡ ಅಂಧರಿಗೆ ಈ ‘ಗೈರುಹಾಜರಿ’ ಸೌಲಭ್ಯ ದಕ್ಕುವುದಿಲ್ಲ. ತಂಡ ಹೋಗುವುದು ಕ್ಷೇತ್ರದೊಳಗಿನ ಮನೆಗೆ, ಪಟ್ಟಿಯಲ್ಲಿರುವ ವಿಳಾಸಕ್ಕೆ. 2024ರಲ್ಲಿ ತಮಿಳುನಾಡಿಗೆ ಏಪ್ರಿಲ್ 19ರಂದು ಮತದಾನವಾದರೆ ಬೆಂಗಳೂರಿಗೆ 26ರಂದು. ನಿಜವಾಗಿ ಊರಲ್ಲಿ ಇಲ್ಲದವರಿಗೆ ಗೈರುಹಾಜರಿ ಮತ ಇಲ್ಲ, ಊರಲ್ಲೇ ಇರುವವರಿಗೆ ಇದೆ. ವಲಸೆ ಹೋದವರಿಗೆಂದು ಆಯೋಗ 2022ರ ಡಿಸೆಂಬರ್‌ನಲ್ಲಿ 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ದೂರ ಮತಯಂತ್ರದ ಮಾದರಿಯನ್ನು ಪ್ರಕಟಿಸಿತು. ಮುಂದಿನ ತಿಂಗಳು ಪಕ್ಷಗಳನ್ನು ಕರೆದಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ಮಾಹಿತಿಯ ವಿಚಾರವನ್ನು ಚಿಕ್ಕದಾಗಿ ಹೇಳಬಹುದು. ಮೊಬೈಲಿನಲ್ಲಿ ಸ್ಕ್ರೀನ್ ರೀಡರ್ ಹಾಕಿಕೊಂಡು ದಿನಪತ್ರಿಕೆ ಕೇಳುವ ಅಂಧರಿಗೆ ಮತದಾರರ ಪಟ್ಟಿ ಮಾತಾಡುವುದಿಲ್ಲ, ಏಕೆಂದರೆ ಪ್ರಕಟವಾಗುವ ಪಿಡಿಎಫ್ ಚಿತ್ರರೂಪದ್ದು. ಹುಡುಕಬಲ್ಲ ಅಕ್ಷರರೂಪದಲ್ಲಿ ಪಟ್ಟಿ ಕೊಡಿ ಎಂಬ ಕಾಂಗ್ರೆಸ್ ನಾಯಕ ಕಮಲ್ ನಾಥ್ ಅವರ ಅರ್ಜಿಯನ್ನು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ವಾದ ನಡೆದದ್ದು ನಕಲಿ ಮತದಾರರ ಬಗ್ಗೆ, ಮಾಹಿತಿ ದುರ್ಬಳಕೆಯ ಬಗ್ಗೆ. ಅಭ್ಯರ್ಥಿಗಳ ಅಫಿಡವಿಟ್‌ಗಳೂ ಬಹುಪಾಲು ಸ್ಕ್ಯಾನ್ ಮಾಡಿದ ಹಾಳೆಗಳು. ಚುನಾವಣಾ ಪ್ರಕ್ರಿಯೆಯ ಎಲ್ಲ ಸಾಮಗ್ರಿ ಅಂಗವಿಕಲರಿಗೆ ಸುಲಭವಾಗಿ ತಿಳಿಯುವಂತೆ, ಸಿಗುವಂತೆ ಇರಬೇಕೆಂದು 2016ರ ಕಾಯ್ದೆಯ 11ನೇ ಸೆಕ್ಷನ್ ಕೇಂದ್ರ ಆಯೋಗಕ್ಕೂ ರಾಜ್ಯ ಆಯೋಗಗಳಿಗೂ ಹೇಳಿದೆ. ರಾಜ್ಯ ಆಯೋಗ ಎಂದಾಗ ಪಂಚಾಯಿತಿ ನೆನಪಾಗುತ್ತದೆ. ಕೃಷ್ಣಗಿರಿಯ ಹಳ್ಳಿಗಳು 2019ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಓಟು ಹಾಕಿದ್ದು ಕಾಗದದ ಮತಪತ್ರದಲ್ಲಿ, ವಾರ್ಡಿಗೊಂದು, ಅಧ್ಯಕ್ಷರಿಗೊಂದು, ಪಂಚಾಯಿತಿ ಒಕ್ಕೂಟಕ್ಕೊಂದು, ಜಿಲ್ಲೆಗೊಂದು, ಬಣ್ಣ ಬಣ್ಣದ ನಾಲ್ಕು ಹಾಳೆ. ಬಣ್ಣದಿಂದ ಬೇರ್ಪಡಿಸಿದ ಹಾಳೆಗಳು ಅಂಧರ ಕೈಗೆ ನಾಲ್ಕೂ ಒಂದೇ. ಮನೆಯಿಂದ ಮತದಾನದ ನಿಯಮವೂ ಆ ಚುನಾವಣೆಗೆ ಅನ್ವಯಿಸುವುದಿಲ್ಲ.

ಇದೇ ತೊಡಕು ಬೇರೆ ದೇಶಗಳಲ್ಲೂ ಇದೆ, ಅಲ್ಲಿನ ಅಂಧರು ಸುಮ್ಮನೆ ಕೂತಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಅಂಚೆ ಮತಪತ್ರ ಕಾಗದದಲ್ಲಷ್ಟೇ ಇರುವುದು ಅನ್ಯಾಯವೆಂದು ಅಂಧರ ರಾಷ್ಟ್ರೀಯ ಒಕ್ಕೂಟ ಮತ್ತು ಕೆಲವು ಮತದಾರರು ನ್ಯಾಯಾಲಯಕ್ಕೆ ಹೋದರು. ಕಂಪ್ಯೂಟರಿನಲ್ಲಿ ಕೇಳಿಸಿಕೊಂಡು ಗುರುತು ಹಾಕಿ ಮುದ್ರಿಸಿ ಕಳಿಸುವ ಸಾಧನವನ್ನು ರಾಜ್ಯ ಕೊಡಲೇಬೇಕೆಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಇಂಗ್ಲೆಂಡಿನಲ್ಲಿ ಮತಪತ್ರದ ಮೇಲೆ ಅಂಟಿಸುವ, ಅಂಕಿಯ ಮುಚ್ಚಳಗಳಿರುವ ಪ್ಲಾಸ್ಟಿಕ್ ಪಟ್ಟಿ ಕೊಡುತ್ತಿದ್ದರು. ಎಷ್ಟನೇ ಸಾಲು ಎಂಬುದು ಅದರಿಂದ ಗೊತ್ತಾಗುತ್ತಿತ್ತು, ಆ ಸಾಲಿನಲ್ಲಿ ಯಾರಿದ್ದಾರೆಂಬುದು ಗೊತ್ತಾಗುತ್ತಿರಲಿಲ್ಲ. ಇದು ಚುನಾವಣೆಯ ಅಣಕ ಎಂಬರ್ಥದ ಮಾತಾಡಿ ಅಲ್ಲಿನ ಹೈಕೋರ್ಟ್ 2019ರಲ್ಲಿ ಅಂಧ ಮಹಿಳೆಯೊಬ್ಬರ ಪರ ತೀರ್ಪು ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 2013ರಿಂದ ರಾಷ್ಟ್ರೀಯ ಚುನಾವಣೆಗೆ ಅಂಧರು ಫೋನಿನಲ್ಲಿ ಓಟು ಹಾಕಬಹುದು. ಮೊದಲು ನೋಂದಾಯಿಸಿ ಸಂಖ್ಯೆ ಪಡೆದಿರುತ್ತಾರೆ, ಓಟು ಬರೆದುಕೊಳ್ಳುವವರಿಗೆ ಮತದಾರರ ಹೆಸರು ತಿಳಿಯುವುದಿಲ್ಲ. ನಮ್ಮಲ್ಲೂ 2025ರ ಜೂನ್ 28ರಂದು ಬಿಹಾರದ ಕೆಲವು ನಗರ ಸಂಸ್ಥೆಗಳ ಚುನಾವಣೆಯಲ್ಲಿ ವೃದ್ಧರು, ಅಂಗವಿಕಲರು, ವಲಸಿಗರು ಮೊಬೈಲ್ ಆ್ಯಪಿನಿಂದ ಮತ ಹಾಕಿದ್ದಾರೆ. ಬೇರೆಯವರ ಮೊಬೈಲಿನಲ್ಲಿ ಬೇರೆಯವರೇ ಒತ್ತಿದರೆ ಏನು ಗತಿ ಎಂಬ ಅನುಮಾನ ಇದ್ದೇ ಇದೆ. ಅದನ್ನು ಬಗೆಹರಿಸದೆ ಲೋಕಸಭೆಗೆ ತರುವುದು ಬೇಡ.

ಕೃಷ್ಣಗಿರಿಯಂಥ ಜಿಲ್ಲೆಗೆ ಹತ್ತಿರದ ದಾರಿ ಜರ್ಮನಿಯದು. ಅಲ್ಲಿ 2002ರಿಂದ ಅಂಧರ ಸಂಘಗಳು ರಟ್ಟಿನ ಅಚ್ಚೊಂದನ್ನು ಮಾಡಿ ಮನೆಗೆ ಕಳಿಸುತ್ತವೆ, ಖರ್ಚು ಸರ್ಕಾರದ್ದು. ಅಚ್ಚಿನಲ್ಲಿ ಸಾಲಾಗಿ ತೂತುಗಳು, ಪಕ್ಕದಲ್ಲಿ ಉಬ್ಬು ಅಂಕಿ. ಮತಪತ್ರದ ಬಲಮೇಲ್ತುದಿಯನ್ನು ಕತ್ತರಿಸಿರುತ್ತಾರೆ ಇಲ್ಲವೇ ಅಲ್ಲಿ ತೂತು ಹೊಡೆದಿರುತ್ತಾರೆ, ಹಾಳೆ ಯಾವ ಕಡೆ ತಿರುಗಿದೆಯೆಂದು ಮುಟ್ಟಿದರೇ ತಿಳಿಯುತ್ತದೆ. ಜೊತೆಗೆ ಅಭ್ಯರ್ಥಿಗಳ ಪಟ್ಟಿ ದನಿಯಲ್ಲಿರುತ್ತದೆ. ಅಚ್ಚಿನೊಳಗೆ ಹಾಳೆ ಇಟ್ಟು ಬೇಕಾದ ತೂತಿನಲ್ಲಿ ತಾವೇ ಗುರುತು ಹಾಕುತ್ತಾರೆ. ಮತಗಟ್ಟೆಗೂ ಅದೇ ಅಚ್ಚು, ಅಂಚೆ ಮತಕ್ಕೂ ಅದೇ. ಇಂಗ್ಲೆಂಡಿನಲ್ಲಿ ಇಲ್ಲದಿದ್ದದ್ದು ಬೆರಳಿಗೋ ಕಿವಿಗೋ ಸಿಗುವ ಹೆಸರುಗಳ ಪಟ್ಟಿ. ನಮ್ಮಲ್ಲಿ ಆ ಪಟ್ಟಿ ಆಗಲೇ ಇದೆ, ಪ್ರತಿ ಕ್ಷೇತ್ರಕ್ಕೂ ಬ್ರೈಲ್ ಡಮ್ಮಿ ಮತಪತ್ರ ಹೇಗೂ ಅಚ್ಚಾಗುತ್ತದೆ. ಬೇಕಿರುವುದು ಅದರ ಒಂದು ಪ್ರತಿ, ಒಂದು ರಟ್ಟಿನ ಅಚ್ಚು, ಹೆಸರು ಓದಿದ ಒಂದು ಧ್ವನಿಮುದ್ರಣ. ಮೂರೂ ತಂಡದ ಚೀಲದಲ್ಲಿ ಹಿಡಿಯುತ್ತವೆ. ಇದಕ್ಕೆ ಸಂಸತ್ತಿನ ಕಾಯ್ದೆ ಬೇಡ, ಆಯೋಗದ ಒಂದು ಸೂಚನೆ ಸಾಕು. ಜಿಲ್ಲಾ ಚುನಾವಣಾಧಿಕಾರಿಯಾದ ಕಲೆಕ್ಟರ್ ಕೇಳಿದರೆ ಚೆನ್ನೈನ ಚುನಾವಣಾ ಕಚೇರಿ ಕೊಡದೆ ಇರುವ ಕಾರಣ ಕಾಣುವುದಿಲ್ಲ.

ಅಲ್ಲಿಯವರೆಗೆ ಹೊಸೂರು, ಕೃಷ್ಣಗಿರಿ ಕಡೆಯ ಓದುಗರು ಚುನಾವಣೆ ಘೋಷಣೆಯಾಗುವುದನ್ನು ಕಾಯದೆ ಮಾಡಬಹುದಾದ ಕೆಲಸಗಳಿವೆ. ಮನೆಯಲ್ಲಿ, ಪಕ್ಕದ ಮನೆಯಲ್ಲಿ ಕಣ್ಣು ಕಾಣದವರು ಇದ್ದರೆ ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂಬ ಗುರುತು ಬಿದ್ದಿದೆಯೇ ಎಂದು ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಅಥವಾ ಆಯೋಗದ ಸಕ್ಷಮ್ ಆ್ಯಪಿನಲ್ಲಿ ವಿಚಾರಿಸಿ. ಇಲ್ಲದಿದ್ದರೆ ನಮೂನೆ 8 ಕೊಡಿಸಿ, ಪ್ರಮಾಣಪತ್ರವಿಲ್ಲದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಬಿಎಲ್‌ಒ ನಮೂನೆ 12ಡಿ ಹಿಡಿದು ಬಂದಾಗ ನೀವೇ ಸಹಿ ಹಾಕಿಸಿ ಕಳಿಸಬೇಡಿ. ಸಹಿ ಹಾಕಿದರೆ ಮತಗಟ್ಟೆಯ ಬಾಗಿಲು ಮುಚ್ಚುತ್ತದೆಂದು ಆ ಮತದಾರರಿಗೆ ಹೇಳಿ, ಮನೆಯೋ ಬೂತೋ ಎಂಬುದನ್ನು ಅವರೇ ತೀರ್ಮಾನಿಸಲಿ. ಬ್ರೈಲ್ ಬಲ್ಲವರು, ನಡೆಯಬಲ್ಲವರು ಬೂತಿಗೇ ಹೋಗುವುದು ಸದ್ಯಕ್ಕೆ ಮೇಲು. ವಾಹನ ಬೇಕಿದ್ದರೆ ಸಕ್ಷಮ್ ಮೂಲಕವೇ ಕೇಳಬಹುದು. ಬೂತಿನಲ್ಲಿ ಬ್ರೈಲ್ ಡಮ್ಮಿ ಮತಪತ್ರ ಕೊಡಿ ಎಂದು ಕೇಳಿ ಪಡೆಯಿರಿ, ಕೊಡದಿದ್ದರೆ ಲಿಖಿತವಾಗಿ ದೂರು ಕೊಡಿ.